ಕೊಟ್ಟಿಗೆಯ ಗುರುತು ಫೋನಿನಲ್ಲಿರಲಿ

ಮೇಯುವ ಹಸು ಯಾವ ದಿಕ್ಕಿಗೆ ನಿಲ್ಲುತ್ತದೆ ಎಂದು ನೋಡಿದ್ದೀರಾ? 2008ರಲ್ಲಿ ಜರ್ಮನಿಯ ಸಂಶೋಧಕಿ ಸಬೀನ್ ಬೆಗಾಲ್ ಮತ್ತು ಸಂಗಡಿಗರು ಗೂಗಲ್ ಅರ್ತ್ ಚಿತ್ರಗಳಲ್ಲಿ 308 ಹುಲ್ಲುಗಾವಲುಗಳ 8,510 ದನಗಳನ್ನು ಪರಿಶೀಲಿಸಿದರು. ಹೆಚ್ಚಿನವು ಉತ್ತರ-ದಕ್ಷಿಣವಾಗಿ ನಿಂತಿದ್ದವು ಎಂದು ವರದಿ ಮಾಡಿದರು. ತಲೆ ಯಾವುದು, ಬಾಲ ಯಾವುದು ಎಂಬುದು ಮಾತ್ರ ಆ ಚಿತ್ರಗಳಲ್ಲಿ ಸರಿಯಾಗಿ ತಿಳಿಯುತ್ತಿರಲಿಲ್ಲ! ಬೇರೆ ಚಿತ್ರಗಳನ್ನು ನೋಡಿದ ಇನ್ನೊಂದು ತಂಡಕ್ಕೆ ಹಾಗೆ ಕಾಣಲಿಲ್ಲ. ಆದ್ದರಿಂದ ಇದನ್ನು ನಂಬಿ ಯಾರೂ ಕೊಟ್ಟಿಗೆಯ ದಿಕ್ಕು ಬದಲಿಸಬೇಕಿಲ್ಲ.

ನಮಗೆ ಬೇಕಾದ ವಿಷಯ ಬೇರೆ. ಹಸುವೇ ಕಾಣುವಂಥ ಚಿತ್ರದಲ್ಲಿ ನಿಮ್ಮ ಕೊಟ್ಟಿಗೆಯ ಚಾವಣಿ ಕಾಣದಿರುತ್ತದೆಯೇ?

ಕರು ಹಾಕಿದ ಹಸು ಹಾಲುಜ್ವರದಿಂದ ರಾತ್ರಿ ನೆಲ ಹಿಡಿಯುತ್ತದೆ. ಕಿವಿ ತಣ್ಣಗಾಗಿ ಕತ್ತು ಪಕ್ಕಕ್ಕೆ ವಾಲುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ಳುತ್ತದೆ. ತಾಸುಗಟ್ಟಲೆ ಮಲಗಿದರೆ ಮೈಭಾರಕ್ಕೆ ಕಾಲಿನ ಸ್ನಾಯು, ನರ ಜಜ್ಜಿ, ಜ್ವರ ಇಳಿದರೂ ಏಳಲಾರದು. ಇಂಥ ಹೊತ್ತಿನಲ್ಲಿ "ಅರಳಿಮರ ದಾಟಿ ಎಡಕ್ಕೆ ಬನ್ನಿ ಸಾರ್" ಎಂದರೆ, ಕತ್ತಲಲ್ಲಿ ನಮಗೆ ಎಲ್ಲ ಮರವೂ ಅರಳಿಮರವೇ. ತೋಟದ ಮನೆಯವರಿಗಂತೂ ಈ ಕಷ್ಟ ತಪ್ಪಿದ್ದಲ್ಲ.

ಹಗಲು ಬಿಡುವಿದ್ದಾಗ ಗೂಗಲ್ ಮ್ಯಾಪ್ ತೆರೆದು 'ಸ್ಯಾಟಲೈಟ್' ಚಿತ್ರ ಆರಿಸಿ. ಕೊಟ್ಟಿಗೆಯ ಚಾವಣಿಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಕೆಂಪು ಗುರುತು ಬೀಳುತ್ತದೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಮನೆಯವರೆಲ್ಲರಿಗೂ ಕಳಿಸಿಡಿ. ಹಸು ಬಿದ್ದಾಗ ಮನೆಯಲ್ಲಿರುವುದು ಹೆಚ್ಚಾಗಿ ಹೆಂಗಸರೇ, ಅವರ ಫೋನಿನಲ್ಲಿ ಇರಲೇಬೇಕು. ಡೇರಿಯ ಬಳಿ ನಿಂತು 'ಕರೆಂಟ್ ಲೊಕೇಶನ್' ಕಳಿಸಿದರೆ ನಾವು ಬರುವುದು ಡೇರಿಗೇ, ನಿಮ್ಮ ಹಸುವಿನ ಬಳಿಗಲ್ಲ. ಜೀಪು ನಿಲ್ಲುವ ಕೊನೆಯ ಜಾಗಕ್ಕೆ ಇನ್ನೊಂದು ಗುರುತು ಹಾಕಿ. ಚಿತ್ರ ಹಳೆಯದಾಗಿರಬಹುದು; ಈಚೆಗೆ ತೋಡಿದ ಕಾಲುವೆ, ಹಾಕಿದ ಬೇಲಿ ಅದರಲ್ಲಿ ಇರುವುದಿಲ್ಲ. ಅಂಥದ್ದಿದ್ದರೆ ಫೋನಿನಲ್ಲೇ ಹೇಳಿಬಿಡಿ.

ಅದೇ ನಕ್ಷೆಯಲ್ಲಿ ಮೇವಿನ ಹೊಲಕ್ಕೆ, ನೀರಿನ ತೊಟ್ಟಿಗೆ ಎಷ್ಟು ದೂರ ಎಂದು ಅಳೆಯಲೂ ಬರುತ್ತದೆ. ಆದರೆ ಮೊದಲು ಈ ಕೆಲಸ ಮುಗಿಸಿ.

ಸ್ಮಾರ್ಟ್‌ಫೋನ್ ಇಲ್ಲದವರ ಕೊಟ್ಟಿಗೆಗಳ ಗುರುತನ್ನು ಸಂಘದ ಕಾರ್ಯದರ್ಶಿಗಳು ತಮ್ಮ ಫೋನಿನಲ್ಲಿ ಹೆಸರು ಬರೆದು ಉಳಿಸಿಕೊಳ್ಳಬಹುದು. ನಾವು ದಾರಿಯಲ್ಲಿರುವಾಗ ಹಸುವನ್ನು ಎದೆಯ ಮೇಲೆ ಕೂರಿಸಿ ಪಕ್ಕಕ್ಕೆ ಹುಲ್ಲಿನ ಮೂಟೆ ಆನಿಸಿ. ಬಾಯಿಗೆ ಎಣ್ಣೆ, ನೀರು ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು.