ಗೊಲ್ಯಾತನ ಎತ್ತರವೆಷ್ಟು?

ಕವಣೆಗಲ್ಲಿನಿಂದ ದೈತ್ಯ ಗೊಲ್ಯಾತನನ್ನು ಕೆಡವಿದ ಕುರಿಗಾಹಿ ಹುಡುಗ ದಾವೀದನ ಕಥೆ ಕೇಳದ ಮಕ್ಕಳು ಕಡಿಮೆ. ಆ ಗೊಲ್ಯಾತ ಎಷ್ಟು ಎತ್ತರವಿದ್ದ? ಬೈಬಲ್ಲಿನ ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿರುವುದು ಆರು ಮೊಳ, ಒಂದು ಗೇಣು. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ಒಂಬತ್ತೂಮುಕ್ಕಾಲು ಅಡಿ! ಆದರೆ ಮೃತ ಸಮುದ್ರದ ಬಳಿಯ ಗುಹೆಯೊಂದರಲ್ಲಿ ಸಿಕ್ಕ, ಅದಕ್ಕಿಂತ ಬಹಳ ಹಳೆಯದಾದ ಹಸ್ತಪ್ರತಿಯಲ್ಲಿ ನಾಲ್ಕು ಮೊಳ, ಒಂದು ಗೇಣು ಎಂದಿದೆ. ಅಂದರೆ ಆರೂಮುಕ್ಕಾಲು ಅಡಿ. ಅಷ್ಟು ಎತ್ತರದವರು ಇಂದಿನ ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕ್ರಿಸ್ತಪೂರ್ವದಲ್ಲೇ ಆದ ಗ್ರೀಕ್ ಅನುವಾದದ ಹಳೆಯ ಪ್ರತಿಯೂ ನಾಲ್ಕು ಎಂದೇ ಹೇಳುತ್ತದೆ.

ಯಾವುದು ಮೂಲ ಪಾಠ? ಹೀಗೆ ಕೇಳಿದಲ್ಲಿಂದಲೇ ಬೈಬಲ್ಲಿನ ಶಾಸ್ತ್ರೀಯ ಅಧ್ಯಯನ ಶುರುವಾಗುತ್ತದೆ. ನಾಲ್ಕು ಮೊಳವೇ ಹಳೆಯದಿರಬೇಕೆಂಬುದು ಬಹುಮಂದಿ ವಿದ್ವಾಂಸರ ಮತ. ಕಥೆ ಬೆಳೆಯುತ್ತಾ ಹೋದಂತೆ ದೈತ್ಯನೂ ಬೆಳೆಯುವುದು ಸಹಜವಲ್ಲವೇ?

ಬೈಬಲ್ ಒಂದು ಪುಸ್ತಕವಲ್ಲ, ಪುಸ್ತಕಗಳ ಕಪಾಟು. ಪ್ರಾಟೆಸ್ಟಂಟರ ಎಣಿಕೆಯಲ್ಲಿ 66, ಕ್ಯಾಥೊಲಿಕರದ್ದರಲ್ಲಿ 73. ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂ, ಸ್ವಲ್ಪ ಭಾಗ ಅರಮಾಯಿಕ್. ಹೊಸ ಒಡಂಬಡಿಕೆ ಗ್ರೀಕ್. ಮುದ್ರಣ ಬರುವವರೆಗೆ ಎಲ್ಲವೂ ಕೈಬರಹದ ನಕಲು. ನಮ್ಮ ಓಲೆಗರಿ ಗ್ರಂಥಗಳ ಪಾಡೇ ಅಲ್ಲಿಯದೂ: ಲಿಪಿಕಾರನ ಕಣ್ಣು ಒಂದು ಸಾಲು ಹಾರಿದರೆ ಆ ಪ್ರತಿಯಿಂದ ಹುಟ್ಟುವ ಪ್ರತಿಗಳಲ್ಲೆಲ್ಲ ಆ ಸಾಲಿಲ್ಲ. ಪುಣೆಯ ಭಂಡಾರಕರ್ ಸಂಸ್ಥೆ 1919ರಿಂದ 1966ರವರೆಗೆ ಮಹಾಭಾರತದ ಪ್ರತಿಗಳನ್ನು ಹೋಲಿಸಿ ಪರಿಷ್ಕೃತ ಆವೃತ್ತಿ ಸಿದ್ಧಪಡಿಸಿದ್ದೂ ಇದೇ ಬಗೆಯ ಕೆಲಸ.

1947ರ ಸುಮಾರಿಗೆ ಕುಮ್ರಾನ್ ಎಂಬಲ್ಲಿ ಬೆಡೂಯಿನ್ ಕುರಿಗಾಹಿಗಳಿಗೆ ಗುಹೆಯೊಂದರಲ್ಲಿ ಚರ್ಮದ ಸುರುಳಿಗಳು ಸಿಕ್ಕವು. 1956ರ ಹೊತ್ತಿಗೆ ಇಂಥ ಹನ್ನೊಂದು ಗುಹೆಗಳು ಪತ್ತೆಯಾದವು. ಅಲ್ಲಿ ಸಿಕ್ಕ ಯೆಶಾಯನ ಗ್ರಂಥದ ಸುರುಳಿಯೊಂದೇ ಏಳು ಮೀಟರಿಗಿಂತ ಉದ್ದ. ಅಲ್ಲಿಯವರೆಗೆ ವಿದ್ವಾಂಸರ ಕೈಯಲ್ಲಿದ್ದ ಹೀಬ್ರೂ ಬೈಬಲ್ಲಿನ ಪ್ರಮುಖ ಪ್ರತಿಗಳು ಕ್ರಿ.ಶ. ಹತ್ತು, ಹನ್ನೊಂದನೆಯ ಶತಮಾನದವು. ಒಂದೇ ನೆಗೆತಕ್ಕೆ ಸಾವಿರ ವರ್ಷ ಹಿಂದೆ!

ಆದರೆ ಅಷ್ಟು ಹಳೆಯದೆಂದು ನಂಬುವುದು ಹೇಗೆ? ಇಲ್ಲಿ ನೆರವಿಗೆ ಬಂದದ್ದು ಹೈಸ್ಕೂಲಿನಲ್ಲಿ ಓದುವ ಇಂಗಾಲ-14. ಅಗಸೆ ಗಿಡವಾಗಲಿ ಕುರಿಯಾಗಲಿ, ಜೀವ ಹೋದ ಕ್ಷಣದಿಂದ ಹೊಸ ಇಂಗಾಲ ಸೇರುವುದಿಲ್ಲ. ಇದ್ದ ಇಂಗಾಲ-14 ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ. ಈ ವಿಧಾನ ಕಂಡುಹಿಡಿದ ವಿಲ್ಲರ್ಡ್ ಲಿಬ್ಬಿ ಅವರೇ ಸುರುಳಿ ಸುತ್ತಿದ್ದ ನಾರುಬಟ್ಟೆಯನ್ನು ಪರೀಕ್ಷಿಸಿದರು. ಬಂದ ಉತ್ತರ ಕ್ರಿ.ಶ. 33, ಇನ್ನೂರು ವರ್ಷ ಹಿಂದುಮುಂದು. ಆಗ ಸುರುಳಿಯನ್ನೇ ಪರೀಕ್ಷೆಗೆ ಕೊಡುವಂತಿರಲಿಲ್ಲ. ಬಹಳಷ್ಟು ಚರ್ಮ ಸುಡಬೇಕಾಗುತ್ತಿತ್ತು. ಮುಂದೆ ಕೆಲವು ಮಿಲಿಗ್ರಾಂ ಸಾಕಾಗುವ ಯಂತ್ರ ಬಂದ ಮೇಲೆ, 1990ರ ದಶಕದಲ್ಲಿ, ಜ್ಯೂರಿಕ್ ಮತ್ತು ಅಮೆರಿಕದ ಟೂಸಾನ್‌ಗಳಲ್ಲಿ ಸುರುಳಿಗಳನ್ನೇ ಅಳೆದರು. ಅಕ್ಷರದ ರೂಪ ನೋಡಿ ಲಿಪಿತಜ್ಞರು ಊಹಿಸಿದ್ದ ಕಾಲಕ್ಕೂ ಇದಕ್ಕೂ ಬಹುಮಟ್ಟಿಗೆ ತಾಳೆಯಾಯಿತು.

ಇನ್ನೊಂದು ಕುತೂಹಲದ ಸಂಗತಿಯುಂಟು. ಉತ್ತರಪತ್ರಿಕೆ ತಿದ್ದುವ ಮೇಷ್ಟರು ಇಬ್ಬರು ಹುಡುಗರ ಉತ್ತರ ಸರಿಯಿದ್ದರೆ ಅನುಮಾನಪಡುವುದಿಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ವಿಚಿತ್ರ ವಾಕ್ಯ ಬರೆದಿದ್ದರೆ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ ಆಗಿರುವುದು ಅದೇ. ಪಾರ್ಶ್ವವಾಯು ರೋಗಿಯನ್ನು ಯೇಸು ಗುಣಪಡಿಸುವ ಪ್ರಸಂಗದಲ್ಲಿ, ಯೇಸುವಿನ ಮಾತು ನಡುವೆಯೇ ತುಂಡಾಗಿ, ಈಗ ಅವನು ರೋಗಿಯ ಕಡೆ ತಿರುಗಿ ಹೇಳಿದನೆಂಬ ನಿರೂಪಕನ ಮಾತು ಬರುತ್ತದೆ. ಮೂವರಲ್ಲೂ ಅದೇ ಜಾಗದಲ್ಲಿ! ಮಾರ್ಕನಲ್ಲಿರುವುದರ ಹತ್ತರಲ್ಲಿ ಒಂಬತ್ತು ಪಾಲು ಮತ್ತಾಯನಲ್ಲೂ ಇದೆ. ಮಾರ್ಕನೇ ಮೊದಲು, ಉಳಿದಿಬ್ಬರೂ ಅವನನ್ನು ಮುಂದಿಟ್ಟುಕೊಂಡು ಬರೆದರೆಂಬುದು ಹೆಚ್ಚಿನವರ ಅಭಿಪ್ರಾಯ. ಒಪ್ಪದವರೂ ಇದ್ದಾರೆ, ವಾದ ಇನ್ನೂ ಮುಗಿದಿಲ್ಲ. ಅಂದಹಾಗೆ, ಆ ಕಾಲದಲ್ಲಿ ಇದನ್ನು ಯಾರೂ ಕಾಪಿ ಹೊಡೆಯುವುದೆಂದು ಕರೆಯುತ್ತಿರಲಿಲ್ಲ.

ಇದನ್ನೆಲ್ಲ ಓದಿದರೆ ಮಕ್ಕಳ ಭಕ್ತಿ ಕೆಟ್ಟೀತೇ ಎಂಬ ಅಳುಕು ತಂದೆತಾಯಿಗಳಲ್ಲಿ ಹುಟ್ಟುವುದು ಸಹಜ. ಅಳುಕು ಹೊಸದೂ ಅಲ್ಲ. ಸ್ಕಾಟ್ಲೆಂಡಿನ ಅಬರ್‌ಡೀನ್‌ನಲ್ಲಿ ಫ್ರೀ ಚರ್ಚಿನ ಕಾಲೇಜೊಂದರಲ್ಲಿ ಹೀಬ್ರೂ ಕಲಿಸುತ್ತಿದ್ದ ವಿಲಿಯಂ ರಾಬರ್ಟ್‌ಸನ್ ಸ್ಮಿತ್, 1875ರಲ್ಲಿ ಬ್ರಿಟಾನಿಕಾ ವಿಶ್ವಕೋಶಕ್ಕೆ 'ಬೈಬಲ್' ಎಂಬ ಲೇಖನ ಬರೆದರು. ಚರ್ಚಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 1881ರಲ್ಲಿ ಅವರನ್ನು ಪೀಠದಿಂದ ತೆಗೆದರು. ಸ್ಮಿತ್ ಧರ್ಮ ಬಿಟ್ಟವರಲ್ಲ. ಕಡೆಯವರೆಗೂ ಶ್ರದ್ಧಾವಂತರಾಗಿಯೇ ಉಳಿದರು. ಅದೇ ವಿಶ್ವಕೋಶದ ಸಂಪಾದಕರಾದರು, ಕೇಂಬ್ರಿಜ್‌ನಲ್ಲಿ ಅರಬ್ಬೀ ಪ್ರಾಧ್ಯಾಪಕರೂ ಆದರು. ಕಾಲ ಬದಲಾಯಿತು. 1943ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರೇ ಮೂಲ ಭಾಷೆ, ಇತಿಹಾಸಗಳ ನೆರವಿನಿಂದ ಬೈಬಲ್ ಅಧ್ಯಯನ ಮಾಡುವಂತೆ ಕ್ಯಾಥೊಲಿಕ್ ವಿದ್ವಾಂಸರನ್ನು ಪ್ರೋತ್ಸಾಹಿಸಿದರು. ಬೆಂಗಳೂರಿನಲ್ಲಿ 1910ರಿಂದಿರುವ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಪಾದ್ರಿಯಾಗಲಿರುವವರೂ ಈ ಬಗೆಯ ಅಧ್ಯಯನ ಮಾಡುತ್ತಾರೆ. ಗ್ರಂಥ ಯಾವಾಗ, ಹೇಗೆ ರೂಪುಗೊಂಡಿತೆಂದು ಈ ಶಾಸ್ತ್ರ ಹೇಳಬಲ್ಲದು. ದೇವರಿದ್ದಾನೆಯೇ ಎಂಬುದಕ್ಕೆ ಇಂಗಾಲ-14ರ ಬಳಿ ಉತ್ತರವಿಲ್ಲ.

ಆರಂಭಿಸಲು ಹೀಬ್ರೂ ಬೇಕಿಲ್ಲ. 'ಯೆಹೋವ' ಎಂಬ ಹೆಸರು ಉಳಿಸಿಕೊಂಡಿರುವ ಹಳೆಯ ಕನ್ನಡ ಸತ್ಯವೇದ, ಎರಡು ಬಣ್ಣದ ಪೆನ್ಸಿಲ್ ಸಾಕು. ಆದಿಕಾಂಡದ ಆರರಿಂದ ಒಂಬತ್ತನೆಯ ಅಧ್ಯಾಯಗಳಲ್ಲಿ ನೋಹನ ಜಲಪ್ರಳಯದ ಕಥೆಯಿದೆ. 'ದೇವರು' ಎಂದಿರುವಲ್ಲಿ ನೀಲಿ, 'ಯೆಹೋವ' ಎಂದಿರುವಲ್ಲಿ ಕೆಂಪು ಗೆರೆ ಎಳೆಯಿರಿ. ಫ್ರಾನ್ಸಿನ ವೈದ್ಯ ಜ್ಯಾಂ ಆಸ್ಟ್ರುಕ್ 1753ರಲ್ಲಿ ಆದಿಕಾಂಡದಲ್ಲಿ ಎರಡು ಎಳೆ ಗುರುತಿಸಿದ್ದು ಇದೇ ಸುಳಿವಿನಿಂದ. ಬಳಿಕ ನೋಡಿ: ಪ್ರಾಣಿಗಳು ಜಾತಿಗೊಂದು ಜೋಡಿಯಂತೆ ನಾವೆ ಹತ್ತಿದ್ದು ಯಾವ ಬಣ್ಣದ ಬಳಿ, ಶುದ್ಧ ಪ್ರಾಣಿಗಳು ಏಳೇಳು ಹತ್ತಿದ್ದು ಯಾವುದರ ಬಳಿ? ನಲವತ್ತು ದಿನ ಎಲ್ಲಿ, ನೂರೈವತ್ತು ದಿನ ಎಲ್ಲಿ?