ಜಪಾನೀ ಭಾಷೆಯ ನಡುದಾರಿ

ಲಾಫ್ಕಾಡಿಯೋ ಹರ್ನ್ ಎಂಬ ಲೇಖಕನು ೧೮೯೦ರಲ್ಲಿ ಜಪಾನಿಗೆ ಹೋದನು. ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದನು. ಜಪಾನೀ ಕನ್ಯೆಯೊಬ್ಬಳನ್ನು ವರಿಸಿದನು. ಆ ದೇಶದ ಪೌರತ್ವವನ್ನು ಪಡೆದು ಕೊಯಿಜುಮಿ ಯಾಕುಮೊ ಎಂದು ಹೆಸರನ್ನೂ ಬದಲಿಸಿಕೊಂಡನು. ಜಪಾನಿನ ಭೂತಕಥೆಗಳನ್ನು ಪಾಶ್ಚಾತ್ಯರಿಗೆ ಪರಿಚಯ ಮಾಡಿಕೊಟ್ಟ ಕೀರ್ತಿ ಈತನದು. ೧೯೦೪ರಲ್ಲಿ ತೀರಿಕೊಳ್ಳುವವರೆಗೆ ಹದಿನಾಲ್ಕು ವರ್ಷ ಆ ನೆಲದಲ್ಲಿ ಬಾಳಿದರೂ ಜಪಾನೀ ಪುಸ್ತಕವೊಂದನ್ನು ಸರಾಗವಾಗಿ ಓದುವುದು ಈತನಿಗೆ ಕಡೆಯವರೆಗೂ ಸಾಧ್ಯವಾಗಲಿಲ್ಲ. ಹೆಂಡತಿ ಸೆತ್ಸು ಕಥೆಯನ್ನು ಬಾಯಿಯಲ್ಲಿ ಹೇಳಬೇಕು, ಈತ ಕೇಳಬೇಕು. ಪ್ರತ್ಯಯಗಳೂ ಕ್ರಿಯಾರೂಪಗಳೂ ಕಳಚಿಬಿದ್ದ ಒಂದು ವಿಚಿತ್ರ ಜಪಾನೀ ಆ ದಂಪತಿಗಳ ನಡುವೆ ಬೆಳೆದಿತ್ತು. 'ಹೆರುನ್ ಅವರ ನುಡಿ' ಎಂದು ಅದಕ್ಕೆ ಹೆಸರೇ ಉಳಿದಿದೆ.

ಪರದೇಶದಲ್ಲಿ ನೆಲಸಿದರೆ ಅಲ್ಲಿಯ ಭಾಷೆ ತಾನಾಗಿಯೇ ಬಂದುಬಿಡುತ್ತದೆಂದು ನಾವು ನಂಬುತ್ತೇವೆ. ವ್ಯಾಸಂಗಕ್ಕೋ ಉದ್ಯೋಗಕ್ಕೋ ಜಪಾನಿಗೆ ಹೊರಡುವ ನಮ್ಮ ತರುಣರ ನಂಬಿಕೆಯೂ ಇದೇ. ಮೊದಲ ಮೆಟ್ಟಲುಗಳಲ್ಲಿ ಇದು ನಿಜವೂ ಹೌದು. ಆದರೆ ಅಕ್ಷರಮಾಲೆ, ಸಣ್ಣ ವಾಕ್ಯಗಳು, ಅಂಗಡಿಯ ಮಾತು ಇವೆಲ್ಲ ಕೈಗೆ ಬಂದ ಮೇಲೆ, ಕಲಿಕೆ ಎಲ್ಲಿಯೋ ನಿಂತುಹೋದಂತೆ ತೋರುತ್ತದೆ. ಈ ನಡುದಾರಿಯ ಕಷ್ಟವನ್ನು ಪರೀಕ್ಷೆ ನಡೆಸುವವರೂ ಕಂಡುಕೊಂಡಿದ್ದಾರೆ. ೧೯೮೪ರಲ್ಲಿ ಆರಂಭವಾದ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಮೊದಲು ನಾಲ್ಕೇ ಮಟ್ಟಗಳಿದ್ದುವು. ಮೂರನೆಯದಕ್ಕೂ ಎರಡನೆಯದಕ್ಕೂ ನಡುವಣ ಅಂತರ ದಾಟಲಾರದಷ್ಟು ದೊಡ್ಡದೆಂದು ಕಂಡುದರಿಂದ, ೨೦೧೦ರಲ್ಲಿ ಅಲ್ಲಿ ಹೊಸದೊಂದು ಮೆಟ್ಟಲನ್ನು ಕಟ್ಟಿ ಐದು ಮಾಡಿದರು.

ಕಲಿಕೆ ನಿಂತಂತೆ ಕಾಣುವುದೇಕೆ? ವಿದ್ಯಾರ್ಥಿಯ ಸೋಮಾರಿತನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಗಣಿತ ಬೇರೆಯೇ ಉತ್ತರವನ್ನು ಕೊಡುತ್ತದೆ. ಒಂದು ಭಾಷೆಯ ಪದಗಳನ್ನು ಬಳಕೆಯ ಪ್ರಮಾಣಕ್ಕನುಸಾರವಾಗಿ ಸಾಲಾಗಿ ನಿಲ್ಲಿಸಿದರೆ, ಎರಡನೆಯ ಪದ ಮೊದಲನೆಯದರ ಅರ್ಧದಷ್ಟು, ಮೂರನೆಯದು ಮೂರನೆಯ ಒಂದರಷ್ಟು, ನೂರನೆಯದು ನೂರನೆಯ ಒಂದರಷ್ಟು ಬಾರಿ ಬರುತ್ತದೆಂಬುದು ಜಾರ್ಜ್ ಜಿಪ್ಫ್ ಎಂಬ ಅಮೆರಿಕದ ವಿದ್ವಾಂಸನ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ. ಇದು ಸ್ಥೂಲ ನಿಯಮವೇ ಹೊರತು ಗುರುತ್ವಾಕರ್ಷಣದಂತೆ ಅಚ್ಚುಕಟ್ಟಾದುದಲ್ಲ. ಆದರೂ ಲೆಕ್ಕ ಹಾಕಿ ನೋಡೋಣ. ಭಾಷೆಯಲ್ಲಿ ೫೦,೦೦೦ ಪದಗಳಿವೆ ಎಂದಿಟ್ಟುಕೊಂಡರೆ, ಮೊದಲ ೫೦೦ ಪದಗಳನ್ನು ಬಲ್ಲವನಿಗೆ ಪುಟದ ಮೇಲಿನ ನೂರು ಮಾತುಗಳಲ್ಲಿ ಸುಮಾರು ೬೦ ಪರಿಚಿತವಾಗಿರುತ್ತವೆ. ೧,೦೦೦ ಕಲಿತರೆ ೬೬, ೨,೦೦೦ ಕಲಿತರೆ ೭೨, ೪,೦೦೦ಕ್ಕೆ ೭೮, ೮,೦೦೦ಕ್ಕೆ ೮೪. ಪ್ರತಿಸಲವೂ ಲಾಭ ಅದೇ ಆರು, ಶ್ರಮ ಮಾತ್ರ ಇಮ್ಮಡಿ! ಮೊದಲ ಆರು ತಿಂಗಳಲ್ಲಿ ಓಡಿದ ಹುಡುಗ ಎರಡನೆಯ ವರ್ಷ ತೆವಳುತ್ತಿದ್ದಾನೆಂದು ತೋರಿದರೆ, ಅವನ ಕಾಲು ಸೋತಿದೆ ಎಂದಲ್ಲ; ದಾರಿ ಕಡಿದಾಗಿದೆ.

ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮವಾದುದು. ಅಂಗಡಿಯಲ್ಲಿ ಬುತ್ತಿಯನ್ನು ಕೊಳ್ಳುವ ವಿದ್ಯಾರ್ಥಿಯನ್ನು ಮಾರುವವಳು ಅತ್ಯಂತ ವಿನಯದ ಉದ್ದನೆಯ ವಾಕ್ಯದಲ್ಲಿ ಚೀಲ ಬೇಕೆ ಎಂದು ಕೇಳುತ್ತಾಳೆ. (೨೦೨೦ರ ಜುಲೈಯಿಂದ ಅಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಣ ತೆರಬೇಕಾಗಿರುವುದರಿಂದ ಈ ಪ್ರಶ್ನೆ ಎಲ್ಲೆಡೆಯೂ ಕೇಳಿಬರುತ್ತದೆ.) 'ಫುಕುರೊ', ಎಂದರೆ ಚೀಲ, ಎಂಬ ಒಂದೇ ಮಾತು ಕಿವಿಗೆ ಬಿದ್ದರೆ ಸಾಕು, ತಲೆಯಾಡಿಸಿ ಹೊರಬರಬಹುದು. ಉಳಿದ ವ್ಯಾಕರಣವೆಲ್ಲ ಸಂದರ್ಭದಿಂದಲೇ ಊಹೆಯಾಗುವಾಗ ಮಿದುಳು ಅದನ್ನು ಗಮನಿಸುವ ಗೋಜಿಗೆ ಹೋಗುವುದಿಲ್ಲ. ವಿದ್ಯಾರ್ಥಿಯ ಅರೆಬರೆ ಉತ್ತರವನ್ನು ಯಾರೂ ತಿದ್ದುವುದೂ ಇಲ್ಲ; 'ನಿಮ್ಮ ಜಪಾನೀ ಬಹಳ ಚೆನ್ನಾಗಿದೆ' ಎಂದು ಹೊಗಳುತ್ತಾರೆ. ಹೀಗೆ ಕೆಲಸ ಸಾಗುವಷ್ಟರಲ್ಲಿ ಭಾಷೆ ಗಟ್ಟಿಯಾಗಿಬಿಡುವುದನ್ನು ಲ್ಯಾರಿ ಸೆಲಿಂಕರ್ ಎಂಬ ಭಾಷಾವಿಜ್ಞಾನಿ ೧೯೭೨ರಲ್ಲಿ ಶಿಲೀಭವನವೆಂದು ಕರೆದರು. ಜೀವಿ ಕಲ್ಲಾಗುವಂತೆ ತಪ್ಪೂ ಕಲ್ಲಾಗುತ್ತದೆ. ಹರ್ನನ ಮನೆಮಾತು ಇದಕ್ಕೆ ನಿದರ್ಶನ.

ಕನ್ನಡಿಗನಿಗೆ ಈ ಅಪಾಯ ಒಂದು ಗುಲಗಂಜಿ ಹೆಚ್ಚೇ ಎನ್ನಬೇಕು. ಏಕೆಂದರೆ ಆರಂಭ ಅವನಿಗೆ ಅಷ್ಟೊಂದು ಸುಲಭ. ಇಂಗ್ಲಿಷರು ತಿಣುಕುವ ವಾಕ್ಯರಚನೆ ನಮಗೆ ಹುಟ್ಟಿನಿಂದ ಬಂದುದು. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ವಿಭಕ್ತಿ ನಾಮಪದದ ಹಿಂದೆ. 'ನಿನ್ನೆ ನಾನು ಓದಿದ ಪುಸ್ತಕ' ಎಂಬುದನ್ನು ಅದೇ ಅನುಕ್ರಮದಲ್ಲಿ ಜಪಾನೀಯಲ್ಲಿ ಹೇಳಬಹುದು. 'ತಬೆತೆ ಮಿರು' ಎಂದರೆ ತಿಂದು ನೋಡು. 'ತಬೆತೆ ಶಿಮೌ' ಎಂದರೆ ತಿಂದುಬಿಡು. 'ಕತ್ತೆ ಒಕು' ಎಂದರೆ ಕೊಂಡಿಡು. (ಈ ಕತ್ತೆ ನಮ್ಮ ಕತ್ತೆಯಲ್ಲ!) ಮನೆಯಿಂದ ಹೊರಡುವ ಜಪಾನೀಯನು 'ಇತ್ತೆ ಕಿಮಸು', ಎಂದರೆ ಹೋಗಿ ಬರುತ್ತೇನೆ, ಎನ್ನುತ್ತಾನೆ. ಹ್ರಸ್ವದೀರ್ಘಗಳೂ ಒತ್ತಕ್ಷರಗಳೂ ನಮಗೆ ತೊಡಕಲ್ಲ. 'ಒಬಸನ್' ಚಿಕ್ಕಮ್ಮ, 'ಒಬಾಸನ್' ಅಜ್ಜಿ. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆಯ ಚೀಟಿ. ಛಂದಸ್ಸಿನ ಮಾತ್ರೆಗಳನ್ನು ಎಣಿಸಿದ ಕಿವಿಗೆ ಈ ವ್ಯತ್ಯಾಸ ಕೂಡಲೆ ತಿಳಿಯುತ್ತದೆ.

ಅವರ ಅಕ್ಷರಗಳ ಕ್ರಮವೂ ಭಾರತದಿಂದ ಹೋದುದೇ. ಸಂಸ್ಕೃತದ ವರ್ಣಮಾಲೆಯನ್ನು ಅಭ್ಯಾಸ ಮಾಡಿದ ಬೌದ್ಧ ಭಿಕ್ಷುಗಳ ಪ್ರಭಾವದಿಂದ ಅದು ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ನಕಾರಕ್ಕೂ ಮಕಾರಕ್ಕೂ ನಡುವೆ ಪಕಾರವಿರಬೇಕಾದಲ್ಲಿ ಹಕಾರವೇಕೆ? ಹಿಂದೆ ಅದು ಪಕಾರವೇ ಆಗಿತ್ತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಜಪಾನೀಯಲ್ಲಿಯೂ ಪಕಾರವು ಹಕಾರವಾಯಿತು. ನಮ್ಮಲ್ಲಿ ಉಪ್ಪು, ತುಪ್ಪ, ಅಪ್ಪ ಎಂಬಲ್ಲಿ ಇಮ್ಮಡಿಯ ಪಕಾರ ಮಾತ್ರ ಅಲುಗದೆ ನಿಂತಿದೆಯಷ್ಟೆ, ಅವರಲ್ಲಿಯೂ ಹಾಗೆಯೇ. ಪೆನ್ಸಿಲಿನಂತಹ ನೀಳವಸ್ತುಗಳನ್ನು ಎಣಿಸುವಾಗ ಒಂದಕ್ಕೆ 'ಇಪ್ಪೊನ್', ಎರಡಕ್ಕೆ 'ನಿಹೊನ್', ಮೂರಕ್ಕೆ 'ಸಂಬೊನ್' ಎನ್ನಬೇಕು. ಪರದೇಶೀಯರು ಗಿಳಿಪಾಠ ಮಾಡುವ ಈ ಪಟ್ಟಿಯ ಹಿಂದಿರುವ ನಿಯಮ ಹಳಗನ್ನಡ ಓದಿದವನಿಗೆ ಹೊಳೆಯಬಲ್ಲದು. ಇಂತಹ ಹೋಲಿಕೆಗಳನ್ನು ಕಂಡು ಎರಡು ಭಾಷೆಗಳೂ ಒಂದೇ ತಾಯಿಯ ಮಕ್ಕಳೆಂದು ಹಿಗ್ಗಬೇಕಾಗಿಲ್ಲ. ಓನೊ ಸುಸುಮು ಎಂಬ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನೀಗೂ ನಂಟು ಕಟ್ಟಲು ಬಹುಕಾಲ ದುಡಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ.

ಈ ಅನುಕೂಲ ನಡುದಾರಿಯಲ್ಲಿ ಮುಗಿದುಹೋಗುತ್ತದೆ. ಕನ್ನಡದಲ್ಲಿ ಹೋದೆನು, ಹೋದಳು ಎಂದರೆ ಹೋದವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ಜಪಾನೀಯಲ್ಲಿ ಎಲ್ಲರಿಗೂ 'ಇತ್ತ' ಒಂದೇ. ಕರ್ತೃಪದವನ್ನೂ ಬಿಟ್ಟು ಮಾತನಾಡುವುದು ಅಲ್ಲಿಯ ಪದ್ಧತಿ. ಹಾಗಾದರೆ ತಿಳಿಯುವ ಬಗೆ ಹೇಗೆ? ಕೊಡು ಎಂಬುದಕ್ಕೆ ಅವರಲ್ಲಿ ಎರಡು ಮಾತುಗಳಿವೆ. ನನ್ನಿಂದ ಆಚೆಗೆ ಹೋದರೆ 'ಅಗೆರು'. ನನ್ನ ಕಡೆಗೆ ಬಂದರೆ 'ಕುರೆರು'. 'ಕುರೆತ' ಎಂಬ ಒಂದೇ ಪದವನ್ನು ಕೇಳಿ, ಬೇರೆಯವರು ನನಗೋ ನನ್ನವರಿಗೋ ಕೊಟ್ಟರೆಂದು ಗ್ರಹಿಸಬೇಕು. ಗೌರವದ ಮಾತೂ ಹೀಗೆಯೇ. ಬನ್ನಿ ಎಂಬುದಕ್ಕೂ ದಯಮಾಡಿಸಿ ಎಂಬುದಕ್ಕೂ ಭೇದವರಿತ ನಮಗೆ ಅದು ಹೊಸದಲ್ಲವೆಂದು ತೋರುತ್ತದೆ. ಆದರೆ ಕಚೇರಿಗೆ ಹೊರಗಿನವರು ದೂರವಾಣಿ ಮಾಡಿದಾಗ ತನ್ನ ಮೇಲಧಿಕಾರಿಯನ್ನೇ ಗೌರವಸೂಚಕವಿಲ್ಲದ ಬರಿಯ ಹೆಸರಿನಿಂದ, ನಮ್ರತೆಯ ಕ್ರಿಯಾಪದದಿಂದ ಹೇಳಬೇಕು. ಹೊರಗಿನವರ ಮುಂದೆ ತಮ್ಮವರೆಲ್ಲ ಕಿರಿಯರೇ. ಮೇಲಧಿಕಾರಿಗಳನ್ನು ಬಹುವಚನದಲ್ಲಿ ಕರೆದು ಬೆಳೆದ ನಮ್ಮ ನಾಲಗೆ ಇಲ್ಲಿ ತಡವರಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಬೆಟ್ಟ ಕಾಂಜಿ, ಅಂದರೆ ಚೀನೀ ಮೂಲದ ಚಿತ್ರಾಕ್ಷರ. ೨೦೧೦ರ ಅಧಿಕೃತ ಪಟ್ಟಿಯಲ್ಲಿ ೨,೧೩೬ ಇವೆ. ಇವುಗಳಲ್ಲಿ ೧,೦೨೬ನ್ನು ಕಲಿಯಲು ಜಪಾನೀ ಮಗುವಿಗೆ ಆರು ವರ್ಷದ ಅವಕಾಶವಿದೆ! ನಾವು ನೀರು ಎಂದೂ ಜಲ ಎಂದೂ ಹೇಳುವ ಎರಡು ಪದಗಳನ್ನು ಒಂದೇ ಚಿಹ್ನೆಯಿಂದ ಬರೆದು, ಒಂಟಿಯಾಗಿದ್ದರೆ ನೀರು, ಸಮಾಸದಲ್ಲಿದ್ದರೆ ಜಲ ಎಂದು ಓದುವಂತಿದ್ದರೆ ಹೇಗೋ ಹಾಗೆ ಇದು. ನೀರಿನ ಚಿಹ್ನೆ ಒಂಟಿಯಾಗಿ 'ಮಿಜು', ಸಮಾಸದಲ್ಲಿ 'ಸುಇ'. ಬೀದಿಯಲ್ಲಿ ಎಷ್ಟು ಅಲೆದರೂ ಇದು ಕಿವಿಯ ಮೂಲಕ ಬರುವಂತಹುದಲ್ಲ. ಕುಳಿತು ಓದಬೇಕು, ಮರೆಯುವ ಮೊದಲು ಮತ್ತೆ ಓದಬೇಕು. ಕಲಿತುದು ಮೊದಲ ದಿನಗಳಲ್ಲಿಯೇ ಅತಿ ವೇಗವಾಗಿ ಮರೆತುಹೋಗುವುದೆಂದು ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ ೧೮೮೫ರಲ್ಲಿ ತೋರಿಸಿದ್ದನು.

ಹರ್ನನಿಗೆ ಎದುರಾಗಿ ಡೊನಾಲ್ಡ್ ಕೀನ್ ಅವರನ್ನು ನೆನೆಯಬಹುದು. ಈ ಅಮೆರಿಕನ್ ತರುಣರು ೧೯೪೨ರಲ್ಲಿ ನೌಕಾಬಲದ ಭಾಷಾಶಾಲೆಯನ್ನು ಸೇರಿ ಸುಮಾರು ಹನ್ನೊಂದು ತಿಂಗಳು ತಮ್ಮ ದೇಶದಲ್ಲಿಯೇ ಜಪಾನೀ ಕಲಿತರು. ಆಮೇಲೆ ಯುದ್ಧದಲ್ಲಿ ಮಡಿದ ಜಪಾನೀ ಸೈನಿಕರ ಕೈಬರಹದ ದಿನಚರಿಗಳನ್ನು ಓದುವ ಕೆಲಸ ಅವರ ಪಾಲಿಗೆ ಬಂದಿತು. ೧೯೫೩ರಲ್ಲಿ ವ್ಯಾಸಂಗಕ್ಕೆಂದು ಕ್ಯೋಟೊ ನಗರಕ್ಕೆ ಹೋಗುವ ಹೊತ್ತಿಗೆ ಅವರ ಓದು ಬಲಿತಿತ್ತು. ಆದುದರಿಂದ ಅಲ್ಲಿ ಕೇಳಿದ ಮಾತಿಗೆಲ್ಲ ಅವರ ತಲೆಯಲ್ಲಿ ಒಂದು ಗೂಟ ಸಿದ್ಧವಾಗಿತ್ತು. ಜಪಾನೀ ಸಾಹಿತ್ಯದ ಮಹಾವಿದ್ವಾಂಸರೆನಿಸಿ, ೨೦೧೨ರಲ್ಲಿ ಆ ದೇಶದ ಪ್ರಜೆಯಾಗಿ, ೨೦೧೯ರಲ್ಲಿ ಅಲ್ಲಿಯೇ ತೀರಿಕೊಂಡರು.

ಓದಿನಿಂದ ಬಾರದ ಅಂಶವೂ ಒಂದುಂಟು, ಅದು ಸ್ವರದ ಏರಿಳಿತ. ಟೋಕಿಯೋವಿನಲ್ಲಿ 'ಹಶಿ' ಎಂಬ ಪದವನ್ನು ಮೊದಲ ಅಕ್ಷರ ಏರಿಸಿ ನುಡಿದರೆ ಊಟದ ಕಡ್ಡಿ, ಎರಡನೆಯದನ್ನು ಏರಿಸಿದರೆ ಸೇತುವೆ. ವಿದ್ಯಾರ್ಥಿಯು ಇದನ್ನು ಬಾಯಿಪಾಠ ಮಾಡಿ ಮರುವರ್ಷ ಕ್ಯೋಟೊವಿಗೋ ಓಸಾಕಕ್ಕೋ ಹೋದನೆನ್ನಿ. ಅಲ್ಲಿಯ ಜನ ಸೇತುವೆಗೆ ಮೊದಲ ಅಕ್ಷರವನ್ನು ಏರಿಸುತ್ತಾರೆ, ಊಟದ ಕಡ್ಡಿಗೆ ಎರಡನೆಯದನ್ನು.