ಮೇಲ್ವಿಚಾರಕನಿಗೆ ಕಿವಿ ಮೂಡಿದ ಕಥೆ

ಚಿಕಾಗೋ ನಗರದ ಅಂಚಿನ ಸಿಸೆರೋದಲ್ಲಿ ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ಹಾಥಾರ್ನ್ ಕಾರ್ಖಾನೆಯ ಹೆಸರೆತ್ತಿದೊಡನೆ, ದೀಪದ ಬೆಳಕನ್ನು ಏರಿಸಿ ಇಳಿಸಿ ಅಲ್ಲಿ ನಡೆಸಿದ ಪ್ರಯೋಗಗಳನ್ನೇ ಬಲ್ಲವರೆಲ್ಲರೂ ಸ್ಮರಿಸುತ್ತಾರೆ. ಆದರೆ ಹೊಸದಾಗಿ ಮೇಲ್ವಿಚಾರಕನಾದವನಿಗೆ ಜನರೊಡನೆ ನಡೆದುಕೊಳ್ಳುವ ರೀತಿಯನ್ನು ಕಲಿಸಬಹುದೆಂಬ ವಿಚಾರ ಅಲ್ಲಿ ಬೇರೂರಿದ್ದು ದೀಪಗಳಿಂದಲ್ಲ, ದೂರುಗಳಿಂದ.

ಅದುವರೆಗೆ ಕೈಚಳಕವುಳ್ಳವನೇ ಮೇಸ್ತ್ರಿಯಾಗುತ್ತಿದ್ದನು. ನಿನ್ನೆಯವರೆಗೆ ತನ್ನ ಪಕ್ಕದಲ್ಲಿಯೇ ದುಡಿದವರಿಂದ ಇಂದು ಕೆಲಸ ತೆಗೆಯುವುದು ಹೇಗೆಂಬುದನ್ನು, ತಾನು ಹಿಂದೆ ತಿಂದ ಬೈಗುಳಗಳಿಂದಲೇ ಅವನು ಊಹಿಸಿಕೊಳ್ಳಬೇಕಾಗಿತ್ತು. 1928ರಲ್ಲಿ ಹಾಥಾರ್ನಿನ ಅಧಿಕಾರಿಗಳು, ಮೇಲ್ವಿಚಾರಕರ ತರಬೇತಿಗೆ ಸಾಮಗ್ರಿ ಬೇಕೆಂದು, ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಕರೆದು ಸಂದರ್ಶಿಸತೊಡಗಿದರು. ಪ್ರಶ್ನೆಗಳು ಮೊದಲೇ ಸಿದ್ಧವಾಗಿದ್ದವು. ಉತ್ತರ ಹೇಳುವವರೋ ಪ್ರಶ್ನೆಯನ್ನು ಬದಿಗೊತ್ತಿ ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳಿಕೊಳ್ಳುತ್ತಿದ್ದರು. ಕೊನೆಗೆ ಮರುವರ್ಷ ಪ್ರಶ್ನೆಗಳನ್ನೇ ಕೈಬಿಟ್ಟು, ಸುಮ್ಮನೆ ಕೇಳುವುದೆಂದು ನಿಶ್ಚಯವಾಯಿತು. ಅರ್ಧ ಗಂಟೆಯ ಮಾತುಕತೆ ಒಂದೂವರೆ ಗಂಟೆಗೆ ಬೆಳೆಯಿತು. 1930ರ ವೇಳೆಗೆ ಹಾಗೆ ಮಾತನಾಡಿದವರ ಸಂಖ್ಯೆ 21,000ವನ್ನು ಮೀರಿತ್ತು.

ಈ ಸಂಶೋಧನೆಯಲ್ಲಿ ಪಾಲ್ಗೊಂಡ ಹಾರ್ವರ್ಡಿನ ಎಲ್ಟನ್ ಮೇಯೋ ಹೇಳುವ ಒಂದು ಪ್ರಸಂಗ ನನಗೆ ಬಹು ಪ್ರಿಯವಾದುದು. ಒಬ್ಬ ಹೆಂಗಸನ್ನು ಸಂಭಾಳಿಸುವುದು ಕಷ್ಟವೆಂದು ಅವಳ ಮೇಲ್ವಿಚಾರಕನು ಸಂದರ್ಶಕನನ್ನು ಮೊದಲೇ ಎಚ್ಚರಿಸಿದ್ದನು. ಅವಳಾದರೋ ಮಾತನಾಡುತ್ತ ಮಾತನಾಡುತ್ತ, ಆ ಮೇಲ್ವಿಚಾರಕನಲ್ಲಿ ತಾನು ದ್ವೇಷಿಸುತ್ತಿದ್ದ ಮಲತಂದೆಯ ಹೋಲಿಕೆಯನ್ನು ಕಲ್ಪಿಸಿಕೊಂಡಿದ್ದುದೇ ತನ್ನ ಅಸಮಾಧಾನಕ್ಕೆ ಕಾರಣವೆಂಬುದನ್ನು, ಯಾರೂ ಹೇಳಿಕೊಡದೆ, ತಾನೇ ಕಂಡುಕೊಂಡಳು. ಗದರಿಕೆಯಾಗಲಿ ಬಡ್ತಿಯಾಗಲಿ ಮುಟ್ಟಲಾರದ ಮೂಲ ಇದು! ಹಾಗೆಂದು ಕಾರ್ಖಾನೆಯೇನೂ ಪುಣ್ಯಕ್ಷೇತ್ರವಾಗಿರಲಿಲ್ಲ; ಅದೇ 1928ರ ಜನವರಿಯಲ್ಲಿ, ರಿಲೇ ಜೋಡಣೆಯ ಪ್ರಯೋಗದ ಕೋಣೆಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳನ್ನು, ಮಾತು ಅತಿಯಾಯಿತೆಂದು, ತೆಗೆದು ಬೇರೆಯವರನ್ನು ಕೂರಿಸಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಅನುಭವಿ ಮೇಲ್ವಿಚಾರಕರ ಅಭಾವವುಂಟಾದಾಗ, ಅಮೆರಿಕದ ಸರ್ಕಾರ 1940ರಲ್ಲಿ ಆರಂಭಿಸಿದ್ದ ಟಿ.ಡಬ್ಲ್ಯು.ಐ. (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ತರಬೇತಿಯಲ್ಲಿ ಈ ತಿಳಿವಳಿಕೆಗೂ ಸ್ಥಾನ ದೊರೆಯಿತು. ಎರಡೆರಡು ಗಂಟೆಯ ಐದು ತರಗತಿ, ಜೇಬಿನಲ್ಲಿಟ್ಟುಕೊಳ್ಳಲು ಒಂದು ಚೀಟಿ: ಕೆಲಸ ಹೇಗೆ ಸಾಗಿದೆಯೆಂದು ಪ್ರತಿಯೊಬ್ಬನಿಗೂ ತಿಳಿಸಬೇಕು, ಸಲ್ಲಬೇಕಾದ ಶ್ಲಾಘನೆಯನ್ನು ಸಲ್ಲಿಸಬೇಕು, ಬದಲಾವಣೆಗಳನ್ನು ಮುಂಚಿತವಾಗಿ ಅರುಹಬೇಕು, ಅವರವರ ಶಕ್ತಿಗೆ ತಕ್ಕ ಉಪಯೋಗವನ್ನು ಕಲ್ಪಿಸಬೇಕು. ಯುದ್ಧ ಮುಗಿಯುವ ವೇಳೆಗೆ ಸುಮಾರು 4,90,000 ಮಂದಿ ಇದನ್ನು ಕಲಿತಿದ್ದರು. ಅಮೆರಿಕ ಆ ಯೋಜನೆಯನ್ನು 1945ರಲ್ಲಿ ನಿಲ್ಲಿಸಿತು, ಜಪಾನು ಆದರದಿಂದ ಬರಮಾಡಿಕೊಂಡಿತು.

ಆದರೆ ಒಂದೂವರೆ ಗಂಟೆಯ ಆ ಆಲಿಕೆ ಚೀಟಿಯಲ್ಲಿ ಉಳಿದದ್ದು, ಸಂಬಂಧಪಟ್ಟವರ ಅಭಿಪ್ರಾಯಗಳನ್ನೂ ಭಾವನೆಗಳನ್ನೂ ತಿಳಿದುಕೊಳ್ಳಬೇಕೆಂಬ ಸಣ್ಣದೊಂದು ಸಾಲಾಗಿ ಮಾತ್ರ. ಇಂದಿನ ತರಬೇತಿಗಳಲ್ಲಿ ಹೊಸ ಮೇಲ್ವಿಚಾರಕನಿಗೆ ಮಾತಿನ ಚಾತುರ್ಯವನ್ನು ಕಲಿಸುವ ಉತ್ಸಾಹವನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅವುಗಳನ್ನು ಏರ್ಪಡಿಸುವ ಮಹನೀಯರು, ಅರ್ಧ ದಿನವನ್ನಾದರೂ ಬಾಯಿ ಮುಚ್ಚಿಕೊಂಡು ಕೇಳುವ ಅಭ್ಯಾಸಕ್ಕೆ ಮೀಸಲಿಡಲಿ.